ಒಂದು ಡಾಲರ್ ಟಿಕೆಟ್ಟಿನ ಫಿಲಡೆಲ್ಫಿಯಾ

ಒಂದು ಸೆಮಿಸ್ಟರ್ ಓದಲೆಂದು ಎಕ್ಸ್‌ಚೇಂಜ್ ಕಾರ್ಯಕ್ರಮದಲ್ಲಿ ಅಮೆರಿಕಕ್ಕೆ ಬಂದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಶನಿವಾರ ಫಿಲಡೆಲ್ಫಿಯಾ ನೋಡಲು ಹೊರಟರೆ, ದಿನ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕ ಇಂಡಿಪೆಂಡೆನ್ಸ್ ಹಾಲ್‌ನ ಬಾಗಿಲಲ್ಲಿ. ಪ್ರವೇಶ ಉಚಿತ ಎಂದು ಓದಿಕೊಂಡು ಬಂದಿರುತ್ತಾರೆ. ಉಚಿತ ಹೌದು, ಆದರೆ ವರ್ಷದ ಬಹುಪಾಲು ದಿನಗಳಲ್ಲಿ ಒಳಹೋಗುವ ಹೊತ್ತು ನಮೂದಿಸಿದ ಟಿಕೆಟ್ ಬೇಕು. ಅದನ್ನು ಆನ್‌ಲೈನ್‌ನಲ್ಲಿ ತಲೆಗೆ ಒಂದು ಡಾಲರ್ ಶುಲ್ಕ ಕಟ್ಟಿ ಮೊದಲೇ ಕಾದಿರಿಸಬೇಕು. ರಜೆಯ ದಿನಗಳಲ್ಲಿ ಬೆಳಗಿನ ಸಮಯಗಳೆಲ್ಲ ಬೇಗ ಖಾಲಿ. ಗುಂಪಿನಲ್ಲಿ ಒಬ್ಬರೇ ಎಲ್ಲರ ಟಿಕೆಟ್ಟನ್ನೂ ಒಂದೇ ಹೊತ್ತಿಗೆ ಮಾಡಿಸುವುದು ಕ್ಷೇಮ. ಆರು ಜನ ಹತ್ತಕ್ಕೆ, ಆರು ಜನ ಎರಡಕ್ಕೆ ಅಂತಾದರೆ ಇಡೀ ದಿನ ಒಬ್ಬರನ್ನೊಬ್ಬರು ಕಾಯುವುದೇ ಕೆಲಸ.

ನ್ಯೂಯಾರ್ಕ್ ಕಡೆಯಿಂದ ಬರುವವರು ನ್ಯೂಜೆರ್ಸಿ ಟ್ರಾನ್ಸಿಟ್ ರೈಲಿನಲ್ಲಿ ಟ್ರೆಂಟನ್‌ವರೆಗೆ ಬಂದು, ಅಲ್ಲಿ ಫಿಲಡೆಲ್ಫಿಯಾದ ಸ್ಥಳೀಯ ಸೆಪ್ಟಾ ರೈಲಿಗೆ ಬದಲಾಯಿಸಿದರೆ ನೇರ ಬರುವ ಆಮ್ಟ್ರಾಕ್ ರೈಲಿಗಿಂತ ನಿಧಾನ, ಆದರೆ ಸಾಮಾನ್ಯವಾಗಿ ಅಗ್ಗ. 30ನೇ ಬೀದಿಯ ನಿಲ್ದಾಣದಲ್ಲಿ ಇಳಿದು ಸುರಂಗ ರೈಲು ಹಿಡಿದು 5ನೇ ಬೀದಿಗೆ ಬಂದರೆ ಹಳೆ ಊರಿನ ನಡುವೆಯೇ ನಿಂತಿರುತ್ತೀರಿ. ದಾರಿ ತಪ್ಪುವುದು ಕಷ್ಟದ ಊರಿದು. 1682ರಲ್ಲಿ ಊರು ಸ್ಥಾಪಿಸಿದ ವಿಲಿಯಂ ಪೆನ್ ಹಾಕಿಸಿದ ಚೌಕುಳಿ ನಕ್ಷೆ ಹಾಗೇ ಇದೆ: ಉತ್ತರ ದಕ್ಷಿಣದ ಬೀದಿಗಳಿಗೆ ಸಂಖ್ಯೆ, ಪೂರ್ವ ಪಶ್ಚಿಮದ ಹಲವಕ್ಕೆ ಚೆಸ್ಟ್‌ನಟ್, ವಾಲ್ನಟ್, ಪೈನ್ ಎಂದು ಮರಗಳ ಹೆಸರು. ಚೆಸ್ಟ್‌ನಟ್ ಬೀದಿಯ 315 ಅಂದರೆ 3 ಮತ್ತು 4ನೇ ಬೀದಿಗಳ ನಡುವೆ. ಹುಡುಕಬಾರದ ಎರಡು ಸಂಖ್ಯೆಗಳುಂಟು: 1ನೇ ಬೀದಿಗೆ ಫ್ರಂಟ್ ಎಂದೂ 14ನೇ ಬೀದಿ ಇರಬೇಕಾದಲ್ಲಿ ಬ್ರಾಡ್ ಎಂದೂ ಹೆಸರು.

ಟಿಕೆಟ್ಟಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ತಪಾಸಣೆಯ ಸಾಲಿನಲ್ಲಿರಬೇಕು. ದೊಡ್ಡ ಬ್ಯಾಗು ತರಲೇಬೇಡಿ. 6ನೇ ಬೀದಿ ಮತ್ತು ಮಾರ್ಕೆಟ್ ಬೀದಿ ಕೂಡುವಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಶೌಚಾಲಯಕ್ಕೆ ಹೋಗಿ ಬಂದೇ ಸಾಲು ಸೇರುವುದು ಒಳ್ಳೆಯದು. 1776ರ ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದೂ 1787ರಲ್ಲಿ ಸಂವಿಧಾನ ರೂಪುಗೊಂಡದ್ದೂ ಈ ಹಾಲ್‌ನ ಒಂದೇ ಕೋಣೆಯಲ್ಲಿ. ಅಲ್ಲಿನ ಮೇಜು ಕುರ್ಚಿಗಳಲ್ಲಿ ಹೆಚ್ಚಿನವು ಆ ಕಾಲದವೇ ಹೊರತು ಆ ಕೋಣೆಯವಲ್ಲ. ಎದುರುಗಡೆ ಎತ್ತರದಲ್ಲಿರುವ, ಬೆನ್ನಿನ ಮೇಲೆ ಅರ್ಧ ಸೂರ್ಯ ಕೆತ್ತಿದ ಕುರ್ಚಿ ಮಾತ್ರ ಅಸಲಿ. 1787ರಲ್ಲಿ ವಾಷಿಂಗ್ಟನ್ ಕೂತದ್ದು ಅದರಲ್ಲೇ. ಮಾರ್ಗದರ್ಶಿಯ ವಿವರಣೆ ಚುರುಕಾಗಿ ಮುಗಿಯುತ್ತದೆ, ಹಿಂದಿನ ಸಾಲಿನಲ್ಲಿ ನಿಂತರೆ ಕುರ್ಚಿ ಕಾಣುವುದಿಲ್ಲ.

1777ರ ಸೆಪ್ಟೆಂಬರ್ 26ರಂದು ಬ್ರಿಟಿಷ್ ಸೇನೆಯನ್ನು ಈ ಊರೊಳಗೆ ನಡೆಸಿಕೊಂಡು ಬಂದವನು ಕಾರ್ನ್‌ವಾಲಿಸ್. ನಮ್ಮ ಹುಡುಗರ ಕಿವಿ ನೆಟ್ಟಗಾಗುವುದು ಇಲ್ಲೇ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತವನೂ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಒಯ್ದವನೂ ಅವನೇ. ಬ್ರಿಟಿಷರು ಕರಗಿಸಿ ಫಿರಂಗಿ ಮಾಡಿಯಾರು ಎಂಬ ಭಯಕ್ಕೆ ಊರಿನ ಗಂಟೆಯನ್ನು ಆಗ ಅಲೆನ್‌ಟೌನಿನ ಚರ್ಚೊಂದರಲ್ಲಿ ಬಚ್ಚಿಟ್ಟಿದ್ದರು. ಇವತ್ತಿನ ಲಿಬರ್ಟಿ ಬೆಲ್ ಅದೇ. ರಸ್ತೆ ದಾಟಿದರೆ ಸಿಗುತ್ತದೆ, ಟಿಕೆಟ್ ಬೇಡ, ತಪಾಸಣೆ ಮಾತ್ರ ಉಂಟು.

ಗಂಟೆಯ ತೂಕ 943 ಕಿಲೋ. 1752ರಲ್ಲಿ ಲಂಡನ್ನಿನಿಂದ ಬಂದದ್ದು ಪರೀಕ್ಷೆಯ ಏಟಿಗೇ ಸೀಳಿತು. ಊರಿನ ಎರಕದವರಾದ ಪಾಸ್ ಮತ್ತು ಸ್ಟೋ ಅದನ್ನು ಎರಡು ಸಲ ಮತ್ತೆ ಎರಕ ಹೊಯ್ದರು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುವ ಆ ಅಗಲವಾದ ಬಿರುಕು ನಿಜವಾಗಿ ಬಿರುಕಲ್ಲ, ರಿಪೇರಿ. ಕೂದಲೆಳೆಯಷ್ಟು ಸೀಳಿದ್ದ ಗಂಟೆಯ ಎರಡು ಅಂಚುಗಳು ಬಾರಿಸಿದಾಗ ಒಂದಕ್ಕೊಂದು ಉಜ್ಜಿ ಕರಕರ ಎನ್ನಬಾರದೆಂದು 1846ರಲ್ಲಿ ಸೀಳನ್ನು ಡ್ರಿಲ್ ಮಾಡಿ ಅಗಲಿಸಿದರು. ಹತ್ತಿರ ಬಾಗಿ ನೋಡಿದರೆ ಒಳ ಅಂಚಿನಲ್ಲಿ ಡ್ರಿಲ್ಲಿನ ಗುರುತುಗಳು ಒಂದರ ಕೆಳಗೊಂದು ಕಾಣುತ್ತವೆ, ನಲವತ್ತಕ್ಕೂ ಹೆಚ್ಚು. ಗಂಟೆಯ ಬಾಯಿ ಮುಚ್ಚಿಸಿದ್ದು ಅದಲ್ಲ, ಅದರ ತುದಿಯಿಂದ ಮೇಲಕ್ಕೆ ಓಡಿದ ಸಣ್ಣ ಗೆರೆ. ಅದನ್ನು ತೋರಿಸದಿದ್ದರೆ ಯಾರೂ ನೋಡುವುದಿಲ್ಲ. ಸಾಲು ತೀರಾ ಉದ್ದವಿದ್ದರೆ ಚೆಸ್ಟ್‌ನಟ್ ಬೀದಿ ಕಡೆಯ ಗಾಜಿನಿಂದಲೂ ಗಂಟೆ ಕಾಣುತ್ತದೆ, ಡ್ರಿಲ್ಲಿನ ಗುರುತು ಕಾಣುವುದಿಲ್ಲ.

ಹೊರಬಂದವರು ಪಕ್ಕದ ಅಡಿಪಾಯದ ಅವಶೇಷಗಳನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಅಧ್ಯಕ್ಷನಾಗಿ ವಾಷಿಂಗ್ಟನ್ ವಾಸವಿದ್ದ ಮನೆಯ ಜಾಗ ಅದು. ಅಲ್ಲಿ ಅವನು ಒಂಬತ್ತು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ತುಂಬಿದರೆ ಅವರು ಬಿಡುಗಡೆ ಕೇಳಬಹುದಿತ್ತು. ಹಾಗಾಗಿ ಅವಧಿ ತುಂಬುವ ಮೊದಲೇ ಅವರನ್ನು ಗಡಿಯಾಚೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಓನಾ ಜಡ್ಜ್ ಎಂಬಾಕೆ 1796ರಲ್ಲಿ ಇಲ್ಲಿಂದಲೇ ತಪ್ಪಿಸಿಕೊಂಡಳು. ಸ್ವಾತಂತ್ರ್ಯದ ಗಂಟೆಗೂ ಈ ಜಾಗಕ್ಕೂ ನಾಲ್ಕು ಹೆಜ್ಜೆ ದೂರ. ಇಲ್ಲಿ ಹತ್ತು ನಿಮಿಷ ನಿಲ್ಲದ ಪ್ರವಾಸ ಅರ್ಧ ಪ್ರವಾಸ.

ಊಟಕ್ಕೆ 12ನೇ ಬೀದಿಯ ರೀಡಿಂಗ್ ಟರ್ಮಿನಲ್ ಮಾರ್ಕೆಟ್. 1893ರಿಂದ ಇದೆ. ಹನ್ನೆರಡರಿಂದ ಎರಡರವರೆಗೆ ಕೂರಲು ಜಾಗ ಸಿಗದು, ಹನ್ನೊಂದೂವರೆಗೇ ನುಗ್ಗುವುದು ಜಾಣತನ. ಭಾನುವಾರ ಹೋದರೆ ಪೆನ್ಸಿಲ್ವೇನಿಯಾ ಡಚ್ಚರ (ಹೆಸರು ಹಾಗಿದ್ದರೂ ಜರ್ಮನ್ ಮೂಲದವರು) ಅಂಗಡಿಗಳು ಮುಚ್ಚಿರುತ್ತವೆ. ಇನ್ನು ಇಲ್ಲಿನ ಹೆಸರಾಂತ ಚೀಸ್‌ಸ್ಟೇಕ್: ಹೆಸರಿನಲ್ಲಿ ಚೀಸ್ ಕಂಡು ಸಸ್ಯಾಹಾರಿಗಳು ಮೋಸಹೋಗುವುದುಂಟು. ಅದು ತೆಳ್ಳಗೆ ಹೆಚ್ಚಿದ ದನದ ಮಾಂಸ. ಅಣಬೆಯದ್ದು ಮಾಡಿಕೊಡಿ ಎಂದರೂ ಅದೇ ಕಾವಲಿಯ ಮೇಲೆ ಬೇಯಬಹುದು, ಕೇಳಿಯೇ ಆರ್ಡರ್ ಮಾಡಿ. ಬಿಸಿ ಪ್ರೆಟ್ಜೆಲ್ ತಿಂದು, 1861ರಿಂದ ನಡೆಯುತ್ತಿರುವ ಬ್ಯಾಸೆಟ್ಸ್‌ನಲ್ಲಿ ಐಸ್‌ಕ್ರೀಮ್ ಕೊಂಡರೆ ಮಧ್ಯಾಹ್ನ ಸಾಗುತ್ತದೆ. ಅನ್ನ ಸಾರಿನ ಹೊಟ್ಟೆಗೆ ಅದು ಊಟ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಆರ್ಚ್ ಬೀದಿಯಲ್ಲಿ ಪೂರ್ವಕ್ಕೆ ನಡೆದರೆ 5ನೇ ಬೀದಿಯ ಮೂಲೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸಮಾಧಿ. ಫುಟ್‌ಪಾತಿನಿಂದಲೇ ಕಬ್ಬಿಣದ ಸರಳುಗಳ ನಡುವೆ ಕಾಣುತ್ತದೆ. ಜನ ಅದರ ಮೇಲೆ ಪೆನ್ನಿ ಎಸೆಯುತ್ತಾರೆ. ಎಸೆದ ನಾಣ್ಯದ ಏಟಿಗೆ ಅಮೃತಶಿಲೆ ಹಾಳಾಗುತ್ತದೆ, ಎಸೆಯಬೇಡಿ. ಇನ್ನೂ ಮುಂದೆ, 2ನೇ ಬೀದಿಯಿಂದ ಒಳಸರಿದರೆ ಎಲ್‌ಫ್ರೆತ್ಸ್ ಆ್ಯಲಿ, 32 ಹಳೆ ಇಟ್ಟಿಗೆ ಮನೆಗಳ ಗಲ್ಲಿ. ಇವತ್ತಿಗೂ ಜನ ವಾಸವಿರುವ ಮನೆಗಳು, ಕಿಟಕಿಯಲ್ಲಿ ಇಣುಕಿದರೆ ಬೈಸಿಕೊಳ್ಳಬೇಕಾದೀತು. ತಲೆ ಎತ್ತಿ ನೋಡಿ: ಕೆಲವು ಮಹಡಿ ಕಿಟಕಿಗಳಿಗೆ ಬಾಗಿಲಲ್ಲಿ ಯಾರು ಬಂದರೆಂದು ಮೇಲಿಂದಲೇ ನೋಡುವ ಕನ್ನಡಿ ಸಿಕ್ಕಿಸಿದ್ದಾರೆ. ಈ ಭಾಗದ ಹಳೆ ಗೋಡೆಗಳ ಮೇಲೆ ನಾಲ್ಕು ಕೈಗಳು ಒಂದನ್ನೊಂದು ಹಿಡಿದಿರುವ ಲೋಹದ ಬಿಲ್ಲೆ ಕಂಡರೆ ಅದು 1752ರ ಬೆಂಕಿ ವಿಮಾ ಸಂಸ್ಥೆಯ ಗುರುತು. ಮನೆ ಮುಂದೆ ಮರವಿದ್ದರೆ ವಿಮೆ ಇಲ್ಲ ಎಂದು ಅದು ಹಟ ಹಿಡಿದಾಗ, 1784ರಲ್ಲಿ ಮರವಿದ್ದವರಿಗೆಂದೇ ಇನ್ನೊಂದು ಸಂಸ್ಥೆ ಹುಟ್ಟಿತು. ಅದರ ಬಿಲ್ಲೆಯ ಮೇಲೆ ಮರ!

ಕೊನೆಗೆ ರೇಸ್ ಸ್ಟ್ರೀಟ್ ಪಿಯರ್‌ನಲ್ಲಿ ಡೆಲವೇರ್ ನದಿಯ ಎದುರು ಕೂರಬಹುದು. 1782ರಲ್ಲಿ ಈ ಊರಿನ ವರ್ತಕರು ವ್ಯಾಪಾರದ ಹಡಗೊಂದಕ್ಕೆ 16 ಫಿರಂಗಿ ಕಟ್ಟಿಸಿ ಕಾವಲಿಗೆ ಬಿಟ್ಟರು. ಅದರ ಹೆಸರು ಹೈದರ್ ಅಲಿ. ಬ್ರಿಟಿಷರನ್ನು ಹಣಿದ ಮೈಸೂರಿನ ಹೈದರನ ಹೆಸರೇ. ಆ ಏಪ್ರಿಲ್ 8ರಂದು ನದಿ ಕಡಲು ಸೇರುವ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಹೈದರ್ ಅಲಿಯ ಕ್ಯಾಪ್ಟನ್ ಜೋಶುವಾ ಬಾರ್ನಿ ತಾನು ಕೂಗಿ ಹೇಳಿದ್ದಕ್ಕೆ ಉಲ್ಟಾ ಹಡಗು ತಿರುಗಿಸು ಎಂದು ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದನಂತೆ. ಶತ್ರು ಕೂಗನ್ನು ನಂಬಿ ಕೆಟ್ಟ.

30ನೇ ಬೀದಿಗೆ ವಾಪಸ್ಸಾಗಲು 2ನೇ ಬೀದಿಯ ಸುರಂಗ ರೈಲಿನ ನಿಲ್ದಾಣ ಹತ್ತಿರ. 69ನೇ ಬೀದಿ ಎಂದು ಬರೆದ ರೈಲು ಹತ್ತಬೇಕು. ಫ್ರಾಂಕ್‌ಫರ್ಡ್ ಎಂದಿದ್ದರೆ ಅದು ಉಲ್ಟಾ ಹೋಗುತ್ತದೆ.