ದೂರದ ಓಟದ ತಯಾರಿ ಮತ್ತು ಆರೋಗ್ಯ

ಮ್ಯಾರಥಾನಿನ 42.195 ಕಿ.ಮೀ. ದೂರಕ್ಕೆ ಸಿದ್ಧರಾಗುವವರನ್ನು ಕಾಲುನೋವಿನಂತೆಯೇ ನೆಗಡಿ, ಗಂಟಲುನೋವುಗಳೂ ಕಾಡುತ್ತವೆ. ದೀರ್ಘ ಓಟದಿಂದ ದೇಹ ದಣಿದಿರುವಾಗ ನಿದ್ದೆಯೂ ಕೆಟ್ಟು, ಊಟವೂ ಸಾಲದೆ ಹೋದರೆ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತದೆ.

ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ನಾವು ಗೋಳಗುಮ್ಮಟದ ಕಡೆಯ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಓಟ ಆರಂಭಿಸುತ್ತೇವೆ. ಬೆವರಿನೊಡನೆ ಸೋಡಿಯಂ ಸಹ ಹೋಗುವುದರಿಂದ, ಗಂಟೆಗಟ್ಟಲೆ ಓಡಿ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಅದರ ಮಟ್ಟ ಇಳಿದು ವಾಂತಿ, ತಲೆನೋವು, ಮಂಕು ಕಾಣಿಸಿಕೊಳ್ಳಬಹುದು. ಮನೆಗೆ ಬಂದೊಡನೆ ಬೆವರಿನ ಅಂಗಿ ಬದಲಿಸಿ, ಸಾಬೂನಿನಿಂದ ಕೈ ತೊಳೆದು, ಉಪ್ಪು, ಜೀರಿಗೆ ಪುಡಿ ಹಾಕಿದ ತೆಳು ಮಜ್ಜಿಗೆ ಕುಡಿದು, ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಣ್ಣುತ್ತೇನೆ.

ಮೂಗು ಸೋರುವುದಷ್ಟೇ ಇದ್ದರೆ ನಿಧಾನವಾಗಿ ಸ್ವಲ್ಪ ದೂರ ಓಡಬಹುದು. ಆದರೆ ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದಾಗ ಓಡಲೇಬಾರದು. ವೈರಾಣು ಸೋಂಕಿನಿಂದ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗಿದ್ದರೆ ಕಠಿಣ ವ್ಯಾಯಾಮ ಪ್ರಾಣಕ್ಕೇ ಅಪಾಯ ತರಬಲ್ಲದು. ವೇಳಾಪಟ್ಟಿ ತಪ್ಪಿತೆಂದು ಚಡಪಡಿಸುವ ಹುಡುಗರಿಗೆ ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ. ಜ್ವರ ಬಿಟ್ಟ ಮೇಲೂ ಮೊದಲು ಬರೀ ನಡಿಗೆ, ಅದು ಸಲೀಸಾದ ಮೇಲೆ ಹಗುರ ಓಟ. ಎದೆನೋವು ಅಥವಾ ಎದೆಬಡಿತದಲ್ಲಿ ಏರುಪೇರು ಕಂಡರೆ ತಕ್ಷಣ ವೈದ್ಯರ ಬಳಿ ಹೋಗಬೇಕು.