ಹಸಿರು ಇಂಜೆಕ್ಷನ್

ಮೊನ್ನೆ ಅಮ್ಮನಿಗೆ ಕಣ್ಣಿನ ಪರದೆಯ ಫೋಟೋ ತೆಗೆಸೋದಿತ್ತು. ಸಿಸ್ಟರ್ ಕೈಯ ನರಕ್ಕೆ ಕೊಟ್ಟಿದ್ದು ಕಡು ಹಸಿರು ಇಂಜೆಕ್ಷನ್, ಪಾಲಕ್ ರುಬ್ಬಿ ಸೋಸಿದ ಹಾಗೆ. "ಇದೇನೇ, ಹುಲ್ಲಿನ ರಸ ಹಾಕ್ತಿದಾರೆ?" ಅಂದ್ರು ಅಮ್ಮ. ಹೆಸರು ಇಂಡೋಸಯನೈನ್ ಗ್ರೀನ್.

ಹೊರಗೆ ಕಾಯ್ತಾ ಕೂತಾಗ ನೆನಪಾಯ್ತು, ಈ ಹೆಸರು ಎಲ್ಲೋ ಓದಿದ್ದೆ. ಡೆತ್ ಕ್ಯಾಪ್ ಅಂತ ಒಂದು ಅಣಬೆ. ಅದರ ಅಮಾನಿಟಿನ್ ವಿಷ ಬೇಯಿಸಿದರೂ ಹೋಗಲ್ಲ, ಲಿವರನ್ನೇ ತಿಂದುಹಾಕುತ್ತೆ. ಚೀನಾದ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದವರು ಮನುಷ್ಯರ ಜೀವಕೋಶಗಳಲ್ಲಿ ಒಂದೊಂದೇ ಜೀನ್ ಕೆಡಿಸಿ ನೋಡಿದರು. ಎಸ್‌ಟಿಟಿ3ಬಿ ಅನ್ನೋ ಪ್ರೋಟೀನ್ ಇಲ್ಲದ ಕೋಶಗಳು ವಿಷಕ್ಕೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಆಮೇಲೆ ಹೊಸ ಔಷಧಿ ತಯಾರಿಸೋ ಗೋಜಿಗೇ ಹೋಗಲಿಲ್ಲ. ಆ ಪ್ರೋಟೀನನ್ನ ತಡೆಯೋದು ಯಾವುದು ಅಂತ, ಈಗಾಗಲೇ ಅನುಮತಿ ಇರೋ ಸಾವಿರಾರು ಔಷಧಿಗಳನ್ನ ಕಂಪ್ಯೂಟರಲ್ಲೇ ಅದಕ್ಕೆ ಕೂರಿಸಿ ನೋಡಿದರು, ಅಟ್ಟದ ಮೇಲಿನ ಹಳೇ ಬೀಗದ ಕೈ ಗೊಂಚಲು ತಂದು ಒಂದೊಂದೇ ತಿರುಗಿಸಿದ ಹಾಗೆ. ಸಿಕ್ಕಿದ್ದು ಇದೇ ಬಣ್ಣ! ಅಮೆರಿಕದಲ್ಲಿ 1959ರಲ್ಲೇ ಅನುಮತಿ ಪಡೆದದ್ದು. 2023ರಲ್ಲಿ ವರದಿ ಬಂತು. ವಿಷ ಕೊಟ್ಟ ಇಲಿಗಳಲ್ಲಿ ಈ ಬಣ್ಣ ಪಡೆದವೇ ಹೆಚ್ಚು ಬದುಕಿಕೊಂಡವಂತೆ.

ಒಂದು ಪೇಚು: ಬೇಗ ಕೊಡಬೇಕು. ಅಣಬೆ ತಿಂದವರಿಗೆ ವಾಂತಿ-ಭೇದಿ ಶುರುವಾಗೋದೇ ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತು ಯಾರಿಗೆ ಅನುಮಾನ ಬರುತ್ತೆ ಹೇಳಿ? ನಮ್ಮಜ್ಜಿ ಮಳೆಗಾಲದಲ್ಲಿ ಹುತ್ತದ ಅಣಬೆ ಬಿಟ್ಟು ಬೇರೇದನ್ನ ಅಡುಗೆಮನೆ ಹೊಸಿಲು ದಾಟಿಸ್ತಿರಲಿಲ್ಲ.

ಅಮ್ಮನಿಗೆ ಇದೆಲ್ಲ ಹೇಳಿದೆ. ಕಣ್ಣು ಮಂಜು ಅಂತ ನನ್ನ ತೋಳು ಹಿಡಿದು ನಡೀತಿದ್ದವರು, "ಸರಿ ಬಿಡು, ಮೊದಲು ಕಾಫಿ ಕೊಡಿಸು" ಅಂದ್ರು.