ನಾಯಕನಹಟ್ಟಿ ಹಾದಿಯಲ್ಲಿ ಉಲಾನ್‌ಬಾತರ್‌ನ ಮಾತು

ದಾವಣಗೆರೆಯಿಂದ ಚಿತ್ರದುರ್ಗ, ಚಳ್ಳಕೆರೆ ಹಾದು ನಾಯಕನಹಟ್ಟಿಗೆ ಹೋಗುವವರಲ್ಲಿ ಹೆಚ್ಚಿನವರು ತಿಪ್ಪೇರುದ್ರಸ್ವಾಮಿಯ ದರ್ಶನಕ್ಕೆಂದು ಹೊರಟವರು. ನಾನು ಹೊರಟದ್ದು ಆ ದಾರಿಯ ಬದಿಯ ಹಳ್ಳಿಯೊಂದರಲ್ಲಿ ಕುರಿಗಾಹಿಗಳು ಸೇರಲಿದ್ದ ಸಭೆಗೆ. ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳ 17ನೆಯ ಸಮ್ಮೇಳನ 2026ರ ಆಗಸ್ಟ್‌ನಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ನಿಗದಿಯಾಗಿದೆ. ಅದೇ ಮಂಗೋಲಿಯಾದ ಸಲಹೆಯಂತೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆಯ ಮಹಾಸಭೆ 2022ರಲ್ಲೇ ಘೋಷಿಸಿದೆ. ಹುಲ್ಲುಗಾವಲಿನ ಹಣೆಬರಹ ಚರ್ಚೆಯಾಗುವ ಆ ಸಭಾಂಗಣಕ್ಕೆ ಅದರಲ್ಲೇ ಬದುಕುವವರ ಮಾತು ಯಾರ ಬಾಯಿಂದ, ಯಾವ ಹಂತದಲ್ಲಿ ತಲುಪಬೇಕು ಎಂದು ತೀರ್ಮಾನಿಸಲು ಸ್ವಯಂಸೇವಾ ಸಂಸ್ಥೆಯೊಂದು ಈ ಸಭೆ ಕರೆದಿತ್ತು.

ಬಸ್ಸು ಆನಗೋಡಿಗೆ ಬಂದಾಗ ಜೊತೆಗಿದ್ದ ಹಿರಿಯ ಮಿತ್ರರು ಮಾತು ನಿಲ್ಲಿಸಿ ಕಿಟಕಿಯ ಕಡೆಗೆ ಕೈಮುಗಿದರು. ಅಲ್ಲಿ ರೈತ ಹುತಾತ್ಮರ ಸ್ಮಾರಕವಿದೆ. ಎಂಬತ್ತರ ದಶಕದಿಂದಲೂ ಹಸಿರು ಶಾಲು ಹೊದ್ದ ಅವರಿಗೆ ಅಂತರರಾಷ್ಟ್ರೀಯ ಸಭೆ ಎಂದೊಡನೆ ನೆನಪಾಗುವುದು 1999. ಆ ವರ್ಷ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಭಾರತದ ನೂರಾರು ರೈತರು ಯುರೋಪಿನ ದೇಶಗಳನ್ನು ಸುತ್ತಿದ್ದರು. ವಿಶ್ವ ವ್ಯಾಪಾರ ಸಂಸ್ಥೆಯ ನೀತಿಗಳ ವಿರುದ್ಧ ದನಿಯೆತ್ತಿದ್ದರು. ಜರ್ಮನಿಯ ಕಲೋನ್‌ನಲ್ಲಿ ಜಿ-8 ನಾಯಕರು ಸೇರಿದ ಹೊತ್ತಿಗೆ ಅಲ್ಲಿಗೂ ತಲುಪಿದ್ದರು. “ಆಗ ಬಾಗಿಲ ಹೊರಗೆ ನಿಂತು ಕೂಗಿದ್ವಿ. ಈಗ ಒಳಗೆ ಕೂರಿಸ್ತೀವಿ ಅಂತಾರೆ. ಕೂರಿಸಿ ಏನು ಮಾಡ್ತಾರೆ, ಅದನ್ನ ನೋಡ್ಬೇಕು” ಎಂದರು. ಅವರ ಅನುಮಾನ ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಲಾರೆ. ರೈತರ ಮತ್ತು ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಘೋಷಣೆಯನ್ನು ಮಹಾಸಭೆ 2018ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತಲ್ಲ, ಅದರ ಹಿಂದೆ ಇದ್ದದ್ದು ಹೊರಗಿನ ಕೂಗೂ ಹೌದು, ಜಿನೀವಾದಲ್ಲಿ ವರ್ಷಗಟ್ಟಲೆ ಕೂತು ಪದಪದಕ್ಕೂ ವಾದಿಸಿದ ರೈತ ಸಂಘಟನೆಗಳ ಪಟ್ಟೂ ಹೌದು.

ಚಿತ್ರದುರ್ಗದಲ್ಲಿ ಕೋಟೆಯತ್ತ ತಲೆಯೆತ್ತಿ ನೋಡಿದ್ದಷ್ಟೇ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಲು ಸಮಯವಿತ್ತು. ಎಣ್ಣೆ ಗಿರಣಿಗಳಿಗೆ ಹೆಸರಾದ ಈ ಊರು ಕಂಬಳಿಗೂ ಅಷ್ಟೇ ಹೆಸರಾದದ್ದು. ಓಣಿಯೊಂದರಲ್ಲಿ ಉದ್ದಕ್ಕೆ ಹಾಸಿ ಬಿಗಿದ ಉಣ್ಣೆಯ ನೂಲಿಗೆ ಹೆಂಗಸೊಬ್ಬರು ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಗಂಜಿ ಕುಡಿದ ಕರಿ ನೂಲು ಬಿಸಿಲಿಗೆ ಒಣಗುತ್ತಾ ಬಿರುಸಾಗುತ್ತಿತ್ತು. ಎಳೆ ಕಡಿದ ಕಡೆ ಅವರು ಬೆರಳ ತುದಿಯಲ್ಲೇ ಹೊಸೆದು ಕೂಡಿಸುತ್ತಿದ್ದರು. ಕಾವಲು, ಅಂದರೆ ಮೇಯುವ ಹುಲ್ಲುಗಾವಲು, ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಈ ಕಸುಬೂ ಹೋಗುತ್ತದೆ. ಸಮ್ಮೇಳನದ ದಾಖಲೆಗಳಲ್ಲಿ ‘ಪಾಲುದಾರರು’ ಎಂದು ಕರೆಯಲಾಗುವವರಲ್ಲಿ ಇವರೂ ಸೇರಬೇಕು. ಇವರನ್ನು ಯಾರೂ ಸಭೆಗೆ ಕರೆದಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಚಳ್ಳಕೆರೆ ದಾಟಿದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಸೈನ್ಯದ ಸರಂಜಾಮು ಎಳೆಯುವ ಎತ್ತುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಕಾಡುಗೊಲ್ಲರ ಕುರಿಗಳು, ಮ್ಯಾಸಬೇಡರ ದೇವರ ಎತ್ತುಗಳು, ಕೃಷ್ಣಮೃಗಗಳು ಎಲ್ಲವೂ ಮೇದದ್ದು ಇಲ್ಲೇ. ಸುಮಾರು 2007ರ ನಂತರ ಇದರಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ವಿಜ್ಞಾನ ಮತ್ತು ಅಣುಶಕ್ತಿಗೆ ಸಂಬಂಧಿಸಿದ ಸಂಸ್ಥೆಗಳಿಗೆ ಮಂಜೂರಾಯಿತು, ಮೊಕದ್ದಮೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು. ರಸ್ತೆಯ ಬದಿಯಲ್ಲಿ ಬಹಳ ದೂರ ಕಾಂಪೌಂಡ್ ಗೋಡೆ ಜೊತೆಗೇ ಬರುತ್ತದೆ. ಮಂಜೂರಾತಿಯ ಸುದ್ದಿ ನಮಗೆ ಗೊತ್ತಾದದ್ದು ಗೋಡೆ ಏಳಲು ಶುರುವಾದ ಮೇಲೆ ಎಂದು ಊರವರು ಈಗಲೂ ಹೇಳುತ್ತಾರೆ. ದೇಶಕ್ಕೆ ಸಂಶೋಧನಾ ಸಂಸ್ಥೆ ಬೇಡವೆಂದು ಅಲ್ಲಿ ಯಾರೂ ಹೇಳಲಿಲ್ಲ. ಕೇಳದೆ ತೀರ್ಮಾನಿಸಿದರು ಎಂಬುದೊಂದೇ ಅವರ ದೂರು. ಉಲಾನ್‌ಬಾತರ್‌ನ ಕುರಿತ ಚರ್ಚೆಯೂ ಕೊನೆಗೆ ಬಂದು ನಿಂತದ್ದು ಆ ದೂರಿನ ಬಳಿಯೇ.

ಸಮುದಾಯ ಭವನದಲ್ಲಿ ಜಮಖಾನ ಹಾಸಿತ್ತು. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಸಂಸ್ಥೆಯ ಯುವತಿಯೊಬ್ಬಳು ನಿಯಮಗಳನ್ನು ವಿವರಿಸಿದಳು. ವಿಶ್ವಸಂಸ್ಥೆಯ ಸನ್ನದಿನ 71ನೆಯ ವಿಧಿ ಸರ್ಕಾರೇತರ ಸಂಘಟನೆಗಳ ಜೊತೆ ‘ಸಮಾಲೋಚನೆ’ಗೆ ಅವಕಾಶ ಕೊಡುತ್ತದೆ, ಮತದ ಹಕ್ಕನ್ನಲ್ಲ. ಮರುಭೂಮೀಕರಣ ಒಪ್ಪಂದದ 22ನೆಯ ವಿಧಿಯ ಪ್ರಕಾರ ಅರ್ಹ ಸಂಘಟನೆಯನ್ನು ವೀಕ್ಷಕನಾಗಿ ಸೇರಿಸಿಕೊಳ್ಳಬಹುದು, ಹಾಜರಿರುವ ರಾಷ್ಟ್ರಗಳಲ್ಲಿ ಮೂರನೆಯ ಒಂದು ಭಾಗ ಆಕ್ಷೇಪಿಸದಿದ್ದರೆ. ವೀಕ್ಷಕರಿಗೆ ಮಾತಿನ ಸರದಿ ಬರುವುದು ಸಾಮಾನ್ಯವಾಗಿ ಸರ್ಕಾರಗಳದ್ದು ಮುಗಿದ ಮೇಲೆ, ಅದೂ ಕೆಲವೇ ನಿಮಿಷ. ಒಮ್ಮತವಿಲ್ಲದ ಸಾಲುಗಳನ್ನು ಚೌಕ ಆವರಣದೊಳಗಿಟ್ಟು ಅನೌಪಚಾರಿಕ ಗುಂಪುಗಳಲ್ಲಿ ಚೌಕಾಸಿ ನಡೆಯುವಾಗ ಎಷ್ಟೋ ಸಲ ಬಾಗಿಲು ಮುಚ್ಚಿರುತ್ತದೆ. ತೀರ್ಮಾನಗಳ ಕರಡು ಇರುವುದು ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ. ಕನ್ನಡವಿರಲಿ, ಹಿಂದಿಯೂ ಆ ಪಟ್ಟಿಯಲ್ಲಿಲ್ಲ.

ಇಷ್ಟನ್ನು ಕೇಳಿಸಿಕೊಂಡ ಹಿರಿಯ ಕುರಿಗಾಹಿಯೊಬ್ಬರು ಕೋಲನ್ನು ಮೊಳಕಾಲಿಗೆ ಆನಿಸಿ ಕೇಳಿದರು: “ಅಲ್ಲವ್ವಾ, ಬೆಳಗ್ಗೆ ಅವರೇ ಕರಾರು ಪತ್ರ ಬರ್ಕಂಡು, ಸಾಯಂಕಾಲ ನಮ್ಮನ್ನ ಕರ್ದು ಸಾಕ್ಷಿ ಹಾಕು ಅಂದಂಗಾತಲ್ಲ ಇದು?” ಯುವತಿ “ಹೌದಜ್ಜ, ಹಂಗೇ” ಎಂದು ಒಪ್ಪಿಕೊಂಡಳು.

ನ್ಯಾಯಯುತ ಪಾಲ್ಗೊಳ್ಳುವಿಕೆ ಎಂದರೆ ಕೊರಳಿಗೆ ಸಮ್ಮೇಳನದ ಪ್ರವೇಶದ ಬ್ಯಾಡ್ಜು ಬೀಳುವುದು ಎಂದು ಅನೇಕ ಸಂಘಟನೆಗಳೂ ತಿಳಿದಿವೆ. ಬ್ಯಾಡ್ಜು ಬೇಕು, ನಿಜ. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ನೋಂದಾಯಿಸಿದ್ದರು, ಭವನದಲ್ಲಿ ಜಾಗವಿದ್ದದ್ದು ಹದಿನೈದು ಸಾವಿರ ಜನಕ್ಕೆ. ಮುಖ್ಯ ತೀರ್ಮಾನದ ದಿನಗಳಲ್ಲಿ ಹೊರಗುಳಿದವರು ನಾಗರಿಕ ಸಂಘಟನೆಗಳವರೇ. ಆದರೆ ಬ್ಯಾಡ್ಜು ಸಿಕ್ಕವನ ಕೈಗೆ ಕರಡು ತಡವಾಗಿ ಬಂದರೆ ಅವನು ಒಳಗಿದ್ದೂ ಹೊರಗಿದ್ದಂತೆಯೇ. ಬೇರೆ ರೀತಿ ಸಾಧ್ಯವೆಂಬುದಕ್ಕೆ ಉದಾಹರಣೆಯಿದೆ: ರೋಮ್‌ನ ವಿಶ್ವ ಆಹಾರ ಭದ್ರತಾ ಸಮಿತಿ 2009ರಲ್ಲಿ ಸುಧಾರಣೆಯಾದ ನಂತರ ನಾಗರಿಕ ಸಂಘಟನೆಗಳು ಅಲ್ಲಿ ವೀಕ್ಷಕರಲ್ಲ, ಭಾಗಿಗಳು. ಮತ ರಾಷ್ಟ್ರಗಳದ್ದೇ, ಆದರೆ ಕರಡು ತಯಾರಾಗುವ ಹಂತದಿಂದಲೇ ಇವರ ಮಾತಿಗೆ ಜಾಗವಿದೆ. ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಾರೆ, ಪಶುಪಾಲಕರಿಗೆಂದೇ ಒಂದು ವಿಭಾಗವಿದೆ. ಮರುಭೂಮೀಕರಣ ಒಪ್ಪಂದದಲ್ಲೂ 2024ರ ರಿಯಾದ್ ಸಮ್ಮೇಳನ ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಪ್ರತ್ಯೇಕ ವೇದಿಕೆಗಳನ್ನು ಒಪ್ಪಿತು.

ಸಭೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ ಒಪ್ಪಂದದ 10ನೆಯ ವಿಧಿ. ರಾಷ್ಟ್ರೀಯ ಕಾರ್ಯಕ್ರಮ ರೂಪಿಸುವಾಗ ಸ್ಥಳೀಯ, ರಾಷ್ಟ್ರೀಯ ಮಟ್ಟಗಳಲ್ಲಿ ಸ್ತ್ರೀಪುರುಷರಿಬ್ಬರೂ, ಅದರಲ್ಲೂ ರೈತರು ಮತ್ತು ಪಶುಪಾಲಕರು ನೀತಿ ನಿರ್ಧಾರದಲ್ಲಿ ಪರಿಣಾಮಕಾರಿಯಾಗಿ ಪಾಲ್ಗೊಳ್ಳಬೇಕೆಂದು ಅದು ಹೇಳುತ್ತದೆ. ಯುವತಿ ಕನ್ನಡಕ್ಕೆ ತಿರುಗಿಸಿ ಓದಿದಾಗ ಜಮಖಾನದ ಮೇಲೆ ಗುಜುಗುಜು ಎದ್ದಿತು. ಈ ಒಪ್ಪಂದ ಆಗಿದ್ದು 1994ರಲ್ಲಿ. ಇದರ 14ನೆಯ ಸಮ್ಮೇಳನ 2019ರಲ್ಲಿ ನಮ್ಮದೇ ದೇಶದ ಗ್ರೇಟರ್ ನೋಯ್ಡಾದಲ್ಲಿ ನಡೆಯಿತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದಾದ ಇಲ್ಲಿ, ಈ ಸಮುದಾಯ ಭವನದಲ್ಲಿ ಕೂತಿದ್ದ ಒಬ್ಬ ಕುರಿಗಾಹಿಗೂ ಅದರ ಸುಳಿವಿರಲಿಲ್ಲ.

ಆಮೇಲೆ ಯಾರು ಹೋಗಬೇಕೆಂಬ ಮಾತು ಬಂತು. ಸಂಸ್ಥೆಯವರು ಇಂಗ್ಲಿಷ್ ಬಲ್ಲ ಪದವೀಧರನೊಬ್ಬನನ್ನು ಸೂಚಿಸಿದರು. ಹೆಂಗಸರ ಸಾಲಿನಿಂದ ಆಕ್ಷೇಪ ಬಂತು: ಅವನು ಕುರಿ ಕಾದವನಲ್ಲ. ಹಟ್ಟಿಯ ಅಕ್ಕ ಒಬ್ಬರ ಹೆಸರು ಎದ್ದಿತು. ಅವರಿಗೆ ಪಾಸ್‌ಪೋರ್ಟ್ ಇಲ್ಲ, ಬ್ಯಾಂಕಿನ ಪುಸ್ತಕದಲ್ಲಿ ವೀಸಾದವರು ಮೆಚ್ಚುವಂಥ ಮೊತ್ತವೂ ಇಲ್ಲ. ಆದರೂ ಅಭ್ಯಾಸಕ್ಕೆಂದು ಅವರನ್ನೇ ಮಾತಾಡಿಸಿ, ಮೊಬೈಲಿನಲ್ಲಿ ಮೂರು ನಿಮಿಷಕ್ಕೆ ಅಲಾರಂ ಇಟ್ಟರು. ಬರಗಾಲದಲ್ಲಿ ಮಂದೆ ಹೊಡೆದುಕೊಂಡು ಹೋಗುವ ದಾರಿ, ದಾರಿಯಲ್ಲಿ ನೀರು ಸಿಗುವ ಹಳ್ಳ, ಈಗ ಬೇಲಿ ಬಿದ್ದಿರುವ ಕಡೆ ಇಷ್ಟನ್ನು ಅಕ್ಕ ಹೇಳುವಷ್ಟರಲ್ಲಿ ಮೊಬೈಲು ಕೂಗಿತು. ಯಾರೋ ನಕ್ಕರು. ಅವರು ನಗದೆ ಮುಂದುವರಿಸಿದರು, ಯಾರೂ ತಡೆಯಲಿಲ್ಲ.

ಕರಡು ಕನ್ನಡದಲ್ಲಿ ಜಿಲ್ಲೆಗೆ ಮುಂಚಿತವಾಗಿ ಬರಬೇಕು, ಭಾರತದ ನಿಯೋಗ ಹೊರಡುವ ಮೊದಲು ಚಿತ್ರದುರ್ಗದಲ್ಲೊಂದು ಅಹವಾಲು ಸಭೆ ಆಗಬೇಕು, ಪ್ರತಿನಿಧಿಯ ಜೊತೆ ದುಭಾಷಿ ಹೋಗಬೇಕು, ಖರ್ಚು ಕೊಟ್ಟವರು ಮಾತು ಬರೆದುಕೊಡಬಾರದು ಎಂದು ಬರೆದುಕೊಂಡರು. ಕೊನೆಯ ಬೇಡಿಕೆ ಸರ್ಕಾರಕ್ಕಲ್ಲ, ಸಭೆ ಕರೆದವರಿಗೇ ಇತ್ತು: ಹೋದವರು ತಿರುಗಿ ಬಂದ ತಿಂಗಳೊಳಗೆ ಇದೇ ಭವನದಲ್ಲಿ ಲೆಕ್ಕ ಒಪ್ಪಿಸಬೇಕು, ಏನು ಕೇಳಿದಿರಿ, ಏನು ಬಿಟ್ಟುಕೊಟ್ಟಿರಿ ಎಂದು. ಇದನ್ನು ಬರಹದಲ್ಲಿ ಹಾಕುವ ಅಗತ್ಯವಿಲ್ಲ, ನಂಬಿಕೆ ಇರಲಿ ಎಂದು ಸಂಸ್ಥೆಯ ಕಾರ್ಯದರ್ಶಿ ಮೆತ್ತಗೆ ಹೇಳಿ ನೋಡಿದರು. ಕೋಲಿನ ಅಜ್ಜ ಒಪ್ಪಲಿಲ್ಲ. ಕಾರ್ಯದರ್ಶಿ ಹಾಳೆಗೆ ಸಹಿ ಹಾಕಿದ ಮೇಲೆಯೇ ಜನ ಮುದ್ದೆಯ ಪಂಕ್ತಿಗೆ ಎದ್ದರು.